ಕರಿಗಲ್ಲಿನ ಗೆರೆ

ಹಾಸನ
21-2-1964

ಅವ್ವಾ,

ನಿನ್ನ ಮುದ್ದಿ ಬರೆಯುತ್ತಿದ್ದೇನೆ. ಇದನ್ನು ತಮ್ಮಯ್ಯನ ಕೈಲೇ ಓದಿಸು, ಅಂಚೆಯವನ ಕೈಲಿ ಬೇಡ. ತಮ್ಮಯ್ಯ, ನಡುವೆ ನಿಲ್ಲಿಸಬೇಡ ಕಣೋ, ಕೊನೆಯವರೆಗೂ ಓದು.

ಮೊನ್ನೆ ನಮ್ಮ ಟೀಚರ್ ಟ್ರೈನಿಂಗಿನ ಲಕ್ಷ್ಮೀನರಸಿಂಹ ಮೇಷ್ಟ್ರು ಭೂಗೋಳದ ಪಾಠಕ್ಕೆಂದು ಊರಾಚೆಯ ಬಂಡೆ ಹತ್ತಿಸಿದರು. ಬಿಳಿ ಬಂಡೆಯ ನಡುವೆ ಉದ್ದಕ್ಕೂ ಕರಿಗಲ್ಲಿನ ಪಟ್ಟೆ. ನಮ್ಮೂರ ಬಾಗಿಲಲ್ಲಿರುವುದೂ ಅಂಥದ್ದೇ. ಪಟೇಲ ಚಲುವಯ್ಯ ಹೇಳುತ್ತಿದ್ದನಲ್ಲ, 'ಇದು ದ್ಯಾವ್ರು ಗೀಚಿದ್ ಗೆರೆ ಕಣ್ರಲಾ, ಕೇರಿಯೋರು ಯಕ್ಡ ಬುಟ್ಟು ದಾಟ್ರಿ' ಅಂತ. ನೀನು ಎಕ್ಕಡ ಕಂಕುಳಿಗೆ ಸಿಕ್ಕಿಸಿ ದಾಟುತ್ತಿದ್ದೆ.

ಭೂಮಿಯ ಒಳಗೆ ಕಲ್ಲು ಅಂಬಲಿಯ ಹಾಗೆ ಕುದಿಯುತ್ತದಂತೆ ಅವ್ವಾ. ಮೇಲಕ್ಕೆ ಉಕ್ಕಿದರೆ ಬೆಂಕಿಬೆಟ್ಟ. ನೆಲ ಬಿರಿದಾಗ ಬಿರುಕಿಗೆ ನುಗ್ಗಿ ಅಲ್ಲೇ ಆರಿದರೆ ಈ ಕರಿಪಟ್ಟೆ. ಆಗ ಮನುಷ್ಯನೇ ಹುಟ್ಟಿರಲಿಲ್ಲವಂತೆ. ಪಟೇಲನ ಅಪ್ಪನೂ ಇಲ್ಲ, ಅವನ ದೇವರೂ ಇಲ್ಲ. ನೆಲದ ಬಿರುಕೊಂದಕ್ಕೆ ನೀನು ನಲವತ್ತು ವರ್ಷ ಎಕ್ಕಡ ಬಿಟ್ಟೆ.

'ಹಂಗಾದ್ರೆ ಜಾತಿ ಯಾವಾಗ ಬಂತು ಸಾ' ಅಂತ ಕೇಳಲು ಬಾಯಿ ತೆರೆದೆ. ಕೇಳಿದರೆ ನನ್ನ ಜಾತಿ ತಿಳಿಯುತ್ತದೆಂದು ನುಂಗಿಕೊಂಡೆ. ಬಾಡಿಗೆ ಕೋಣೆಗಾಗಿ ಮನೆಯೊಡತಿ ಸುಂದರಮ್ಮನವರ ಹತ್ತಿರವೂ ಜಾತಿ ಮುಚ್ಚಿಟ್ಟಿದ್ದೆ, ಹಾಗೆ ಮುಚ್ಚಿಟ್ಟದ್ದನ್ನು ನಿನಗೂ ಹೇಳಿರಲಿಲ್ಲ.

ಹೋದ ಭಾನುವಾರ ಹುರಿಹಿಟ್ಟಿನ ಗಂಟು ಹೊತ್ತು ನೀನು ಬಾಗಿಲಿಗೆ ಬಂದೆ. ಯಾರದು ಅಂತ ಅವರು ಒಳಗಿಂದ ಕೇಳಿದರು. ನಮ್ಮೂರ ಕೂಲಿಯಾಕೆ ಅಂದೆ. ನಿನಗೆ ಕೇಳಿಸಿತು. ನೀನು ಬೈಯಲಿಲ್ಲ. ಗಂಟನ್ನು ಹೊಸ್ತಿಲಾಚೆ ಇಟ್ಟು, ತಲೆ ತಗ್ಗಿಸಿ, 'ಬತ್ತೀನಿ ಅಮ್ಮಾರೇ' ಅಂದೆ.

ಒಂಬತ್ತು ತಿಂಗಳು ಹೊತ್ತವಳು ನನ್ನನ್ನು ಅಮ್ಮಾರೇ ಅಂದಳು. ಊರ ಗೆರೆ ಎಳೆದದ್ದು ಕುದಿಯುವ ಕಲ್ಲು, ಅದಕ್ಕೆ ಬುದ್ಧಿಯಿಲ್ಲ. ಈ ಗೆರೆ ಎಳೆದವಳು ನಾನು, ಬುದ್ಧಿಯಿದ್ದೇ ಎಳೆದೆ. ನಮ್ಮ ಬಾಯಿಂದಲೇ ನಮ್ಮವರನ್ನು ಆಚೆ ನಿಲ್ಲಿಸುವುದನ್ನು ಕಲಿತುಬಿಟ್ಟರೆ ಪಟೇಲನಿಗೆ ಕೆಲಸವೇ ಇಲ್ಲ. ಕ್ಷಮಿಸು ಅಂತ ಕೇಳಲು ಮುಖವಿಲ್ಲ.

ನಾನಿಲ್ಲಿ ಚೆನ್ನಾಗಿದ್ದೇನೆ. ಪರೀಕ್ಷೆ ಹತ್ತಿರ ಬಂತು.

ಹೆತ್ತವ್ವನನ್ನು ಕೂಲಿಯಾಕೆ ಅಂದ ನಿನ್ನ ಮಗಳು,
ಮುದ್ದಮ್ಮ

ತಾ.ಕ.: ಚೆನ್ನಾಗಿದ್ದೇನೆ ಅಂದದ್ದು ಸುಳ್ಳು. ಬೆಳಿಗ್ಗೆ ಸುಂದರಮ್ಮನವರಿಗೆ, ಅವತ್ತು ಬಂದವಳು ನನ್ನ ಹೆತ್ತವ್ವ, ನಾವು ಹೊಲಗೇರಿಯವರು ಅಂದೆ. ಅವರು ನಾನು ತುಂಬಿಟ್ಟಿದ್ದ ಕೊಡದ ನೀರನ್ನು ಅಂಗಳಕ್ಕೆ ಚೆಲ್ಲಿದರು. ಟ್ರಂಕು ಎತ್ತಿಕೊಂಡು ಬಂದೆ. ಇದನ್ನು ಬರೆಯುತ್ತಿರುವುದು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ. ಎಲ್ಲಾದರೂ ಒಂದು ಮೂಲೆ ಹುಡುಕಿಕೊಳ್ಳುತ್ತೇನೆ. ಭಾನುವಾರ ಬಾ. ನೀನು ಬರುವ ಹೊಳೆನರಸೀಪುರದ ಬಸ್ಸು ಇಲ್ಲಿ ನಿಲ್ಲುವ ಮೊದಲೇ, ಇಷ್ಟೂ ಜನರ ಎದುರಿಗೆ, ಅವ್ವಾ ಅಂತ ಕೂಗುತ್ತೇನೆ. ಓಗೊಡುವುದು ಬಿಡುವುದು ನಿನಗೆ ಸೇರಿದ್ದು.