ಗೂಟಕ್ಕೆ ಕಟ್ಟಿದ ಮೋಟರು

ಸಂತೇಬೆನ್ನೂರು
೧೨ ಏಪ್ರಿಲ್ ೨೦೨೫, ಶನಿವಾರ

ಮಗನ ಸಮಾನನಾದ ಸತೀಶನಿಗೆ, ದೊಡ್ಡಪ್ಪ ಮೂಕಪ್ಪ ಬರೆಯುವುದು.

ರಾಯಚೂರು ಕಡೆಯ ಬಿಸಿಲಿನಲ್ಲಿ ಹೇಗಿದ್ದೀಯ? ಭತ್ತ ಕೊಯ್ಯುವ ಮೆಷಿನ್ ಓಡಿಸುವವನ ಎದೆಗೆ ಧೂಳು ಕೂರುತ್ತದೆ. ಮೂಗಿಗೆ ಬಟ್ಟೆ ಕಟ್ಟು, ಮಜ್ಜಿಗೆ ಕುಡಿ. ಫೋನಿನಲ್ಲಿ ನಾನು ಎರಡು ಮಾತು ಬೈಯುವಷ್ಟರಲ್ಲಿ ನಿನಗೆ ನೆಟ್‌ವರ್ಕ್ ಹೋಗಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಇದರ ಫೋಟೋ ತೆಗೆದು ನಿನ್ನ ಹೆಂಡತಿ ಅರುಣಾ ಕಳಿಸುತ್ತಾಳೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ.

ಅರುಣಾ ಚೆನ್ನಾಗಿದ್ದಾಳೆ. ಮೊದಲು ಅದನ್ನು ಓದಿಕೊಂಡು ಆಮೇಲೆ ಮುಂದೆ ಹೋಗು. ಗುರುವಾರ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಮರ ತಿರುಗಿಸುವ ಲೇತ್ ಮೆಷಿನ್ನಿನಲ್ಲಿ ಲಟ್ಟಣಿಗೆ ಕಡೆಯುತ್ತಿದ್ದವಳನ್ನು ಕರೆಂಟು ಹೊಡೆದು ಹಿಂದಕ್ಕೆ ಎಸೆಯಿತು. ಬಿದ್ದ ಕಡೆ ಹೊಟ್ಟಿನ ಚೀಲಗಳಿದ್ದವು, ಬದುಕಿದಳು. ಆಸ್ಪತ್ರೆಯಲ್ಲಿ ಎದೆಬಡಿತ ಎಲ್ಲ ನೋಡಿ ಭಯವಿಲ್ಲ ಎಂದರು. ಬಲ ಅಂಗೈ ಸುಟ್ಟಿದೆ. ನಿನಗೆ ಹೇಳಬೇಡಿ ಎಂದು ನನ್ನ ಕೈ ಹಿಡಿದುಕೊಂಡಳು, ಹುಚ್ಚಿ. ಹೇಳದೆ ಇರಲು ನಾನೇನು ನಿನ್ನ ಹೆಂಡತಿಯೇ?

ನಂತರ ಮೇನ್ ಸ್ವಿಚ್ ಇಳಿಸಿ ನಿನ್ನ ವೈರಿಂಗ್ ಎಂಬ ಕಲಾಕೃತಿಯನ್ನು ನೋಡಿದೆ. ನಾನು ಕಾಲೇಜಿಗೆ ಹೋದವನಲ್ಲ, ಸುಟ್ಟ ಮೋಟರುಗಳನ್ನು ಬಿಚ್ಚಿ ಕಲಿತವನು. ಆದರೂ ಇಂಥ ಘನಕಾರ್ಯ ಕಂಡಿರಲಿಲ್ಲ. ಹೊಲದಲ್ಲಿ ಪಂಪ್‌ಸೆಟ್ಟಿನ ಡಬ್ಬಿಯಿಂದ ಕರೆಂಟಿನ ಒಂದು ಫೇಸ್ ವೈರು ಎಳೆದು, ಕರೆಂಟು ಹಿಂದಿರುಗಲು ಬಲ್ಬಿನ ಇನ್ನೊಂದು ತುದಿಯನ್ನು ಒದ್ದೆ ನೆಲದ ಕಬ್ಬಿಣದ ಗೂಟಕ್ಕೆ ಕಟ್ಟಿ ಬೆಳಕು ಮಾಡಿಕೊಳ್ಳುವುದು ನಮ್ಮ ಕಡೆಯ ಹಳೆಯ ಭಂಡತನ. ನೀನು ಆ ಭಂಡತನವನ್ನೇ ಕೊಟ್ಟಿಗೆಗೆ ತಂದು ಮೋಟರಿಗೆ ಕಟ್ಟಿದ್ದೀಯ. ಸಾಲದು ಎಂದು ಅದೇ ಗೂಟಕ್ಕೆ ಮೆಷಿನ್ನಿನ ಮೈಯನ್ನೂ ಬಿಗಿದು, ‘ಅರ್ತಿಂಗ್ ಕೊಟ್ಟೀನಿ’ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೀಯ. ನೆಲ ಒಣಗಿದರೆ ಮೋಟರಿನಿಂದ ಹೊರಟ ಕರೆಂಟು ಎಲ್ಲಿಗೆ ಹೋಗಬೇಕಪ್ಪ? ಮೆಷಿನ್ನಿನ ಮೈಗೆ, ಅಲ್ಲಿಂದ ಅದನ್ನು ಮುಟ್ಟಿದವರ ಮೈಗೆ.

‘ಮುಟ್ಟಿದ್ರೆ ಜುಂ ಅಂತೈತೆ’ ಎಂದು ಅವಳು ಮೊದಲೇ ಹೇಳಿದ್ದಳಂತೆ. ‘ಗೂಟದ ಬುಡಕ್ಕೆ ಒಂದು ಕೊಡ ನೀರು ಹುಯ್ಯಿ, ಚಪ್ಪಲಿ ಹಾಕ್ಕಂಡು ಮಾಡು. ಇಷ್ಟಕ್ಕೆಲ್ಲ ಹೆದರಿದ್ರೆ ಹೆಂಗೆ?’ ಇದು ನಿನ್ನ ಉಪದೇಶ. ದೇವರ ಗಿಡಕ್ಕೆ ಎರೆದಂತೆ ಅವಳು ದಿನಾ ಆ ತುಕ್ಕುಗೂಟಕ್ಕೆ ನೀರು ಎರೆದಿದ್ದಾಳೆ. ಗುರುವಾರ ನಲ್ಲಿಯಲ್ಲಿ ನೀರು ಬರಲಿಲ್ಲ. ನೀನು ಕಟ್ಟಿಕೊಂಡ ಹೆಣ್ಣಿನ ಜೀವವನ್ನು ಪಂಚಾಯ್ತಿ ನಲ್ಲಿಯ ಮೇಲೆ ಬಿಟ್ಟು ಹೋಗಿದ್ದೆ, ಶಾಣ್ಯಾ!

ಗೂಟ ಕಿತ್ತು ಎಸೆದೆ. ಚನ್ನಗಿರಿಯಿಂದ ಲೈಸೆನ್ಸ್ ಇರುವ ವೈರ್‌ಮನ್ ಬಂದು ನೋಡಿ, ‘ಯಾರ್ರೀ ಇದನ್ನ ಮಾಡಿದ್ದು?’ ಎಂದ. ‘ಯಾರೋ ದಾರಿಹೋಕ’ ಎಂದೆ. ಮನೆತನದ ಮರ್ಯಾದೆ ನೋಡು. ಈಗ ಬೋರ್ಡಿನಿಂದ ಮೂರು ವೈರು ಬಂದಿವೆ. ಕರೆಂಟು ಬರಲು ಫೇಸು, ಹಿಂದಿರುಗಲು ನ್ಯೂಟ್ರಲ್. ಅರ್ತ್ ವೈರು ಮೆಷಿನ್ನಿನ ಮೈಗೆ ಮಾತ್ರ, ಅದಕ್ಕೆ ಬೇರೆ ಯಾವ ಕೆಲಸವೂ ಇಲ್ಲ. ಕರೆಂಟು ಸೋರಿದರೆ ತಾನೇ ಬಿದ್ದು ಕರೆಂಟು ನಿಲ್ಲಿಸುವ ಸ್ವಿಚ್ಚೂ ಇದೆ. ಕರೆಂಟು ಹೋಗಿ ಬಂದರೆ ಮೆಷಿನ್ ತಾನಾಗಿ ತಿರುಗುವುದಿಲ್ಲ, ಹಸಿರು ಗುಂಡಿ ಒತ್ತಲೇಬೇಕು. ಎಲ್ಲ ಮುಗಿದ ಮೇಲೆ ಅರುಣಾ ಕೊಡ ಹಿಡಿದು ನಿಂತು, ‘ದೊಡ್ಡ ಮಾವ, ಇನ್ನ ನೀರು ಹಾಕೋದು ಬ್ಯಾಡವಾ?’ ಎಂದಳು. ಕೊಡವನ್ನು ಅವಳ ಕೈಯಿಂದ ಇಸಿದುಕೊಂಡು ಬದಿಗಿಟ್ಟೆ. ಇದನ್ನು ಓದಿಯೂ ನಿನಗೆ ಏನೂ ಅನ್ನಿಸದಿದ್ದರೆ ನೀನು ಮನುಷ್ಯನಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈ ಸ್ಟೇರಿಂಗಿನ ಮೇಲೆ ಗಟ್ಟಿಯಾಗಿರಲಿ, ವೈರಿನ ಕಡೆಗೆ ಎಂದೂ ಹೋಗದಿರಲಿ ಎಂದು ಹರಸುವ

ನಿನ್ನ ದೊಡ್ಡಪ್ಪ
ಮೂಕಪ್ಪ

ಇದೀಗ ತಿಳಿದದ್ದು: ಫೋಟೋ ತೆಗೆಯಲು ಬಂದ ಅರುಣಾ ಹೇಳಿದಳು, ನ್ಯಾಮತಿಯಲ್ಲಿ ನಿನ್ನ ಗೆಳೆಯ ರುದ್ರಮುನಿಯ ಖಾರದಪುಡಿ ಮೆಷಿನ್ನಿಗೂ ನೀನೇ ಹೀಗೆ ಗೂಟ ಹುಗಿದು ಬಂದಿದ್ದೀಯಂತೆ. ಅಲ್ಲಿ ಅವನ ತಾಯಿ ಗಾದ್ರಮ್ಮ ಬರಿಗಾಲಲ್ಲಿ ನಿಂತು ಮೆಣಸಿನಕಾಯಿ ಹಾಕುತ್ತಾಳೆ. ಅವರ ನಂಬರು ನಮ್ಮಲ್ಲಿಲ್ಲ, ನಿನ್ನ ಫೋನು ಸ್ವಿಚ್ ಆಫ್. ಇದನ್ನು ನೋಡಿದ ಕೂಡಲೇ ಅವನಿಗೆ ಫೋನ್ ಮಾಡಿ ಮೇನ್ ಇಳಿಸಲು ಹೇಳು. ನಾಚಿಕೆಯಾದರೆ ದೊಡ್ಡಪ್ಪನಿಗೆ ತಲೆ ಕೆಟ್ಟಿದೆ ಎನ್ನು, ಆದರೆ ಹೇಳು. ನಿನ್ನನ್ನು ನಂಬಿ ನಾನಂತೂ ಕೂರುವುದಿಲ್ಲ. ನ್ಯಾಮತಿಗೆ ಹೋಗಲು ಹೊನ್ನಾಳಿ ಬಸ್ಸು ಬಂತು, ಹತ್ತುತ್ತಿದ್ದೇನೆ.