ನಿನ್ನ ಕೊನೆಯ ಎಸೆತಕ್ಕೆ ನಾನಾಡಿದ ಮಾತು

ಇಪ್ಪತ್ತಮೂರನೇ ತಾರೀಕು, ಬುಧವಾರ, ರಾತ್ರಿ

ನಾನು ಸ್ನಾನಕ್ಕೆ ಹೋದಾಗ ನನ್ನ ಈ ದಿನಚರಿ ಪುಸ್ತಕ ಕದ್ದು ಓದುವ ಮೊಮ್ಮಗಳೇ, ನಾಚಿಕೆ ಇಲ್ಲವೇ ನಿನಗೆ? ಓದು ಹಾಗಾದರೆ. ನನ್ನೊಡನೆ ಮಾತು ಬಿಟ್ಟು ಇವತ್ತಿಗೆ ಹನ್ನೊಂದು ದಿನ.

ನಿನ್ನ ಕೋಚ್ ಫೋನ್ ಮಾಡಿದ್ದರು. "ಅಜ್ಜಿ, ಅವಳು ಆಟಾನೇ ಬಿಡ್ತಾಳಂತೆ. ಒಂದು ಎಸೆತ ತಪ್ಪಿದ್ದಕ್ಕೆ ಯಾರಾದ್ರೂ ಬಿಡ್ತಾರಾ?"

ಎಸೆತಕ್ಕಲ್ಲ, ನನ್ನ ಮಾತಿಗೆ ಎನ್ನದೆ, "ನೋಡ್ತೀನಿ" ಅಂದು ಫೋನ್ ಇಟ್ಟೆ. ಬೇರೆ ಹೊತ್ತಿನಲ್ಲಿ ಕತ್ತರಿಯಂತೆ ಆಡುವ ಬಾಯಿ.

ನಾಲ್ಕು ಗಂಡು, ನಾಲ್ಕು ಹೆಣ್ಣು ಒಂದೇ ತಂಡದಲ್ಲಿ ಆಡುತ್ತಾರೆಂದೇ ನಾನು ನಿನ್ನ ಕಾರ್ಫ್‌ಬಾಲಿಗೆ ಮರುಳಾಗಿದ್ದು. ದೇಶದೇಶಗಳ ಪಂದ್ಯದ ಫೈನಲ್ಲು, ಒಂದೇ ಅಂಕ ಹಿಂದಿದ್ದಿರಿ. ಕೊನೆಯ ಪೆನಾಲ್ಟಿ ನಿನ್ನ ಕೈಗೆ ಬಂತು. ಚೆಂಡು ಕಂಬದ ಮೇಲಿನ ಬುಟ್ಟಿಯ ಅಂಚಿಗೆ ಬಡಿದು ಆಚೆ ಬಿತ್ತು. ಮನೆಗೆ ಬಂದ ನೀನು ಚೀಲ ಇಳಿಸುವ ಮೊದಲೇ ನಾನು ಅಂದೆ, "ಅದನ್ನ ಗಂಡುಹುಡುಗನ ಕೈಗೆ ಕೊಡಬೇಕಿತ್ತು ಕಣೇ."

"ನೀನೇ ಹಿಂಗಂದ್ರೆ ಹೆಂಗಜ್ಜಿ?" ಅಂದೆ ನೀನು, ಅಷ್ಟೇ.

ನಾಲ್ಕನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿದಾಗ ಅಪ್ಪ, "ಗಂಡಾಗಿದ್ದಿದ್ರೆ ಓದಿಸ್ತಿದ್ದೆ" ಅಂದಿದ್ದರು. ಅವರು ಸಾಯುವ ತನಕ ನಾನು ಕ್ಷಮಿಸಲಿಲ್ಲ. ಅದೇ ವಿಷ ನನ್ನ ಬಾಯಲ್ಲಿ ಎಲ್ಲಿ ಅಡಗಿ ಕೂತಿತ್ತೋ. ನಿನ್ನ ರೂಮಿನ ಬಾಗಿಲಲ್ಲಿ ತಟ್ಟೆ ಇಟ್ಟು ಬರುತ್ತೇನೆ. ಉಂಡು, ತೊಳೆದು, ತಂದಿಡುತ್ತೀಯ. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ತಪ್ಪು ನನ್ನದು ಕಣೇ. ಎದುರಿಗೆ ಹೇಳಲು ಬಂದರೆ ನಿನ್ನ ಬಾಗಿಲಿಂದಲೇ ತಿರುಗಿ ಹೋಗುತ್ತೇನೆ, ಅದಕ್ಕೇ ಬರೆದೆ. ಬರುವ ತಿಂಗಳು ಹೊಸ ತಂಡದ ಪಟ್ಟಿ ಮಾಡುತ್ತಾರಂತೆ. ಇಲ್ಲಿ ಕೆಳಗೆ ಜಾಗ ಬಿಟ್ಟಿದ್ದೇನೆ. ಆಡ್ತೀಯೋ ಇಲ್ಲವೋ, ಒಂದನೇ ತಾರೀಕಿನೊಳಗೆ ಉತ್ತರ ಬರೆ.