ಲಾಳಿ ತಾನಾಗೇ ಹೋಗಲಿಲ್ಲ

ಇಳಕಲ್
೧೨ ಜನವರಿ ೨೦೨೫, ರವಿವಾರ

ಗುರುಲಿಂಗವ್ವ ಅಕ್ಕಾರಿಗೆ,

ಸಲಾಮ್‌ರಿ. ನಾ ನವೀದ, ಖುಶನುಮಾನ ಅಣ್ಣ. ಹ್ವಾದ ರವಿವಾರ ಹುಡುಗೂರಿಗೆ ಬರಿಯೂದ ಕಲಸೂ ನಿಮ್ಮ ಕ್ಲಾಸಿನಿಂದ ತಂಗಿನ್ನ ಕರಕೊಂಡ ಹೋಗಾಕ ಲೈಬ್ರರಿ ಬಾಗಲದಾಗ ನಿಂತಿದ್ನೆಲ್ಲ, ಅವನ. ನೀವು ನನಗೂ ಒಂದ ಹಾಳಿ ಕೊಟ್ರಿ. ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟೇನ್ರಿ ಅಂದ್ರ, "ಸಾಲಿ ಬಿಟ್ರ ಏನಾತೋ, ಕೈಯೇನ ಬಿದ್ದ ಹೋಗಿಲ್ಲಲ್ಲ" ಅಂದ್ರಿ. ಹುಡುಗೂರೆಲ್ಲಾ ನಕ್ಕವು. ಸಿಟ್ಟ ಬಂದಿತ್ತು. ಈಗೂ ಐತಿ. ಅದ ಹಾಳಿ ಮ್ಯಾಲ ಬರಿಯಾಕತ್ತೇನಿ.

ಸಾಕಿದ ಪ್ರಾಣಿ ಬಗ್ಗೆ ಬರೀರಿ ಅಂತ ಹುಡುಗೂರಿಗೆ ಹೇಳಾಕ ನಿಮಗ್ಯಾರ ಹೇಳಿದ್ರು? ಕವಿತಾ ಬರಕೊಂಡ ಆರಾಮ ಇರಬೇಕಿಲ್ಲೋ? ಖುಶನುಮಾ ಬೆಕ್ಕಿನ ಬಗ್ಗೆ ಬರದ ಓದಿದ್ಳು. ನೀವು ಕಣ್ಣ ಒರಿಸಿಕೊಂಡ್ರಿ. ಹುಡುಗೂರು ಬರದಿದ್ದರ ಪುಸ್ತಕದಾಗ ಹಾಕ್ತೇನಿ ಅಂದ್ರಿ. ಅದರ ಕಡೀ ಸಾಲ ಐತೆಲ್ಲ, "ಲಾಳಿ ಮನೆ ಬಿಟ್ಟು ಹೋದಾಗಿನಿಂದ ನಮ್ಮ ಅಣ್ಣ ದಿನವೂ ಅದನ್ನು ಹುಡುಕುತ್ತಾನೆ" ಅಂತ, ಅದನ್ನ ಹೊಡದ ಹಾಕ್ರಿ.

ಲಾಳಿ ಹೋಗಲಿಲ್ಲ. ನಾ ಒಯ್ದ ಬಿಟ್ಟ ಬಂದೇನಿ.

ನಮ್ಮದು ಕುಣಿಮಗ್ಗ. ಕುಣ್ಯಾಗ ಕಾಲ ಇಳಿಬಿಟ್ಟ ಕುಂತ ನೇಯ್ತೇನಿ. ಮರಿ ಇದ್ದಾಗಿಂದ ಆ ಬೆಕ್ಕ ಅಲ್ಲೇ ನನ್ನ ಕಾಲಾಗ ಮಲಗೂದು. ಎದ್ರ ಮಗ್ಗದಾಗಿನ ಲಾಳಿ ಹಂಗ ಆ ಕಡಿಂದ ಈ ಕಡಿಗೆ ಓಡೂದು, ಅದಕ್ಕ ಖುಶನುಮಾ ಲಾಳಿ ಅಂತ ಹೆಸರಿಟ್ಳು. ನಮ್ಮ ಸೀರಿಗೆ ಮೈ ದಾರಾ ಬ್ಯಾರೆ, ಸೆರಗಿನ ದಾರಾ ಬ್ಯಾರೆ. ಎರಡನ್ನೂ ಒಂದೊಂದ ಎಳಿ ಕೊಂಡಿ ಹಾಕಿ ಕೂಡಸಬೇಕು. ಹ್ವಾದ ತಿಂಗಳ ನಮ್ಮ ಅಮ್ಮಿ ಎರಡ ದಿವಸ ಬೆನ್ನ ಬಗ್ಗಿಸಿ ಕುಂತ ಕೊಂಡಿ ಹಾಕಿದ್ಳು. "ನಮಾಜ ಮುಗಿಸಿ ಬಂದ ನೋಡ್ತೇನಿ, ಅಲ್ಲೀತನಕ ಮುಟ್ಟಬ್ಯಾಡ" ಅಂತ ಹೇಳಿ ಹ್ವಾದ್ಳು. ಬಂದ ನೋಡಿದ್ರ ಅರ್ಧಾ ಕೊಂಡಿ ಕಿತ್ತ ಜೋತ ಬಿದ್ದಿದ್ವು. ಬೆಕ್ಕ ಪರಚೇತಿ ಅಂದೆ. ಅಮ್ಮಿ ಬೈಲಿಲ್ಲ, ಒದರಲಿಲ್ಲ. ಎಳಿ ಕೈಯಾಗ ಹಿಡಕೊಂಡ ಮತ್ತ ಬೆನ್ನ ಬಗ್ಗಿಸಿ ಕೊಂಡಿ ಹಾಕಾಕ ಕುಂತ್ಳು. ಅದನ್ನ ನನಗ ನೋಡಾಕ ಆಗಲಿಲ್ಲ. ಬೆಕ್ಕ ಚೀಲದಾಗ ಹಾಕಿ ಬೈಕ್ ಮ್ಯಾಲ ರಾಮಥಾಳ ಹಳ್ಳಿಗೆ ಒಯ್ದು, ಹೊಲದ ದಂಡಿಗೆ ಬಿಟ್ಟ ಬಂದೆ. ದಾರ್ಯಾಗ ಅದು ಒದ್ದಾಡಲಿಲ್ಲರಿ. ನನ್ನ ತೊಡಿ ಮ್ಯಾಲ ಚೀಲ ಇತ್ತಲ್ಲ, ಒಳಗ ಗುರ್ ಗುರ್ ಅಂತ ಮಲಗಿತ್ತು.

ಸಂಜೀಕ ಖುಶನುಮಾ ಕೇಳಿದ್ಳು. ಓಡಿ ಹೋಗೇತಿ, ಹುಡುಕತೇನಿ ತಡಿ ಅಂದೆ. ಎರಡ ದಿನಾ ಸುಳ್ಳ ಸುಳ್ಳ ಹುಡುಕಿದೆ. ಆಮ್ಯಾಲ ಖರೇನ ರಾಮಥಾಳಕ್ಕ ಹ್ವಾದೆ. ಮೂರ ಸಲ, ಒಣಮೀನ ಕಟಗೊಂಡ. ಲಾಳಿ, ಲಾಳಿ ಅಂತ ಹೊಲದ ತುಂಬ ಒದರಿದೆ. ಕಸಾ ತಗಿಯಾಕತ್ತಿದ್ದ ಲಗಮವ್ವ ಅನ್ನೂ ಮುದುಕಿ, "ಏನಪಾ ಇಳಕಲ್ಲಾಂವ, ಮಗ್ಗದ ಲಾಳಿ ನಮ್ಮ ಹೊಲದಾಗ ಬಿತ್ತೀಯೇನ?" ಅಂತ ನಕ್ಳು. ನಾ ಒಣಮೀನ ಬದುವಿನ ಮ್ಯಾಲ ಇಟ್ಟ ಬಂದೆ.

ಸುಳ್ಳ ಬರೀಬ್ಯಾಡ್ರಿ ಅಂದಿದ್ರಿ. ಖುಶನುಮಾ ಸುಳ್ಳ ಬರದಿಲ್ಲ. ಆಕಿ ಕೈಲೆ ನಾ ಬರಸೇನಿ. ಆ ಸಾಲ ಅಚ್ಚ ಆದ್ರ ಆಕಿ ಅದನ್ನ ಜೀವ ಇರೂತನಕ ಎಲ್ಲಾರಿಗೂ ತೋರಸ್ತಾಳ. ಹೊಡದ ಹಾಕ್ರಿ. ಯಾಕಂತ ಆಕಿಗೆ ಹೇಳಬ್ಯಾಡ್ರಿ, ಜಾಗಾ ಸಾಲಲಿಲ್ಲ ಅನ್ರಿ.

ನೀವು ಕೊಟ್ಟ ಹಾಳಿ ತುಂಬಿಸಿದಾಂವ,
ನವೀದ

ತಾ.ಕ.: ಕೊಂಡಿ ಬೆಕ್ಕ ಕೀಳಲಿಲ್ಲರಿ. ಅಮ್ಮಿ ಅತ್ತಾಗ ಹ್ವಾದ ಕೂಡ್ಲೆ ನಾ ಫೋನ್ ನೋಡಕೋತ ಕುಣ್ಯಾಗ ಕಾಲ ಬಿಟ್ಟು, ಮಗ್ಗದ ಪೆಡಲ್ ತುಳದಬಿಟ್ಟೆ. ಪಟಪಟ ಕಿತ್ತವು. ಆವಾಗ ಲಾಳಿ ನನ್ನ ಇನ್ನೊಂದ ಪಾದದ ಮ್ಯಾಲ ತಲಿ ಇಟ್ಟ ಮಲಗಿತ್ತು. ಇದು ಅಮ್ಮಿಗೂ ಗೊತ್ತಿಲ್ಲ. ಖುಶನುಮಾಗ ಹೇಳಬ್ಯಾಡ್ರಿ ಅಂತ ಮ್ಯಾಲ ಬರದೇನಲ್ಲ, ಅದನ್ನ ಬಿಡ್ರಿ. ಈ ಲಕೋಟಿ ಆಕಿ ಕೈಯಾಗನ ಕೊಟ್ಟ ಕಳಿಸೇನಿ. ದಾರ್ಯಾಗ ಸಿಕ್ಕಿದ್ದೆಲ್ಲಾ ಓದೂ ಚಟಾ ಐತಿ ಆಕಿಗೆ. ಅಂಟ ಹಚ್ಚಿಲ್ಲ.